ಹಾಲಿನವಳು ಬಂದಳೆ

ನನ್ನ ಮೊಬೈಲಿನಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು.
ಸಂಜೆ ಆರಕ್ಕೆ, ಚಾರ್ಜಿಂಗ್ ಅಂಗಡಿಯವನು ಬಾಗಿಲೆಳೆಯುವ ಮೊದಲು,
ಜೋಸ್ ಪಟ್ಟಣದ ಆಫೀಸಿಗೆ ಉತ್ತರ ಹೋಗಬೇಕು:
ಬಂದೂಕಿನ ಸದ್ದು ಕೇಳಿತೆ? ಎಷ್ಟು ಸಲ?
ಬೆಳೆ ಮೇಯ್ದ ದನ ಎಷ್ಟು? ಕಡಿದುಹಾಕಿದ ದನ ಎಷ್ಟು?
ಸತ್ತವರು: ಗಂಡು, ಹೆಣ್ಣು, ತಿಳಿಯದು.

'ತಿಳಿಯದು' ಎಂಬ ಮನೆಯೂ ಇದೆ ಅಲ್ಲಿ.
ಒಮ್ಮೆ ಒತ್ತಿದ್ದೇನೆ.

ನಾನು ಕನೆಂಗ್, ಬೆರೋಮ್ ಹೆಣ್ಣು,
ಕಳ್ಳಿಬೇಲಿಯ ಈಚೆಯವಳು.
ಆಚೆ ಫುಲಾನಿಗಳ ಬಿಡಾರ; ಅಲ್ಲಿ ದೆಮ್ಮೊ,
ಅವನ ಮೊಬೈಲಿನಲ್ಲೂ ಅವೇ ಹದಿನಾಲ್ಕು.
ಮುಖಕ್ಕೆ ಮುಖ ಕಂಡದ್ದು ಎರಡೇ ಸಲ,
ತರಬೇತಿಯಲ್ಲಿ, ಆಮೇಲೆ ಒಂದು ಹೆಣದ ಮುಂದೆ.
ಉಳಿದಂತೆ ಅವನು ನಕ್ಷೆಯ ಮೇಲೊಂದು ಚುಕ್ಕೆ,
ನಾನು ಅವನಿಗೆ ಇನ್ನೊಂದು.

ಗಾಳಿಸುದ್ದಿಗೆ ಕಾಲಿಲ್ಲ, ಅದಕ್ಕೇ ಎಡವುವುದಿಲ್ಲ.
ಇಲ್ಲಿ ಒಂದು ಕರು ತಪ್ಪಿಸಿಕೊಂಡರೆ
ಪಕ್ಕದೂರಿಗೆ ಅದು ಹಿಂಡು,
ಅದರಾಚೆಯ ಊರಿಗೆ ಹಿಂಡಿನ ಹಿಂದೆ ನೂರು ಕತ್ತಿ.
ರಾತ್ರಿ ಹನ್ನೊಂದಕ್ಕೆ ದೆಮ್ಮೊಗೆ ಫೋನು ಹಚ್ಚುತ್ತೇನೆ:
'ಹಳೇ ತವರದ ಗಣಿಯ ಹೊಂಡದ ಹತ್ತಿರ ಟಾರ್ಚುಗಳಂತೆ. ನಲವತ್ತು.'
ಎದ್ದು ಹೋಗಿ ನೋಡಿ ಬರುತ್ತಾನೆ, ಏದುಸಿರು:
'ನಾಲ್ಕು. ಮೀನು ಹಿಡಿಯೋ ಹುಡುಗರು. ನಿಮ್ಮವರೇ.'
ಬರೆಯುತ್ತೇನೆ: ಸುಳ್ಳು. ಪರಿಶೀಲಿಸಿದೆ. ಇಪ್ಪತ್ತಾರು ನಿಮಿಷ.
ಆ ಇಪ್ಪತ್ತಾರು ನಿಮಿಷವೂ ನನ್ನ ತಮ್ಮ ಪಾಮ್
ಕತ್ತಿ ಮಸೆಯುತ್ತ ಕೂತಿದ್ದ ಎಂದು ಬರೆಯಲು
ಮನೆಯಿಲ್ಲ.

ಕುಂಬೊ ವಿಷಯ ಹೇಳಬೇಕು.
ಬೆಳಿಗ್ಗೆ ಏಳಕ್ಕೆ ತಲೆಯ ಮೇಲೆ ಸೋರೆಬುರುಡೆ,
ಬುರುಡೆಯಲ್ಲಿ ಹಾಲು ಮೊಸರು, ಎಲೆಯಲ್ಲಿ ಸಜ್ಜೆಯುಂಡೆ,
ಬೇಲಿಯ ಸಂದಿನಲ್ಲಿ ತೂರಿ ನಮ್ಮ ಕೇರಿಗೆ ಬರುವ ಮುದುಕಿ.
ಅವಳು ನೀರು ಬೆರೆಸುತ್ತಾಳೆ; ನಾವು ಚಿಲ್ಲರೆ ಮುರಿಯುತ್ತೇವೆ.
ಅವಳ ಬೈಗುಳ ಫುಲ್‌ಫುಲ್ದೆಯಲ್ಲಿ, ನಮ್ಮದು ಬೆರೋಮಿನಲ್ಲಿ,
ಲೆಕ್ಕ ಮಾತ್ರ ಹೌಸಾದಲ್ಲಿ.

ಒಂದು ಮಾರ್ಚಿನಲ್ಲಿ ಮೂರು ದಿನ ಅವಳು ಬರಲಿಲ್ಲ.
ಹದಿನಾಲ್ಕು ಪ್ರಶ್ನೆಗೂ 'ಇಲ್ಲ' ಎಂದೆ. ಸತ್ಯವನ್ನೇ ಹೇಳಿದೆ.
ಗುಂಡಿಲ್ಲ, ದನವಿಲ್ಲ, ಹೆಣವಿಲ್ಲ;
ಆಫೀಸಿನ ನಕ್ಷೆಯಲ್ಲಿ ನಮ್ಮೂರು ಹಸಿರೋ ಹಸಿರು.
ನಾಲ್ಕನೆಯ ರಾತ್ರಿ ಚರ್ಚಿನ ಹಿಂದೆ ಹನ್ನೊಂದು ಮನೆ ಉರಿದವು,
ಬೆಳಕು ಹರಿಯುವುದರೊಳಗೆ ಆಚೆಯ ಬಿಡಾರ.

ಕುಂಬೊಗೆ ಗೊತ್ತಿತ್ತೋ, ಅವಳ ಕಾಲಿಗೆ ಗೊತ್ತಿತ್ತೋ,
ಯಾರೋ ಹೋಗಬೇಡ ಎಂದಿದ್ದರೋ.
ನಾನು ಕೇಳಿಲ್ಲ.
ಆ ಬೆಳಗು ಪಾಮ್ ಎಲ್ಲಿದ್ದನೆಂದು ಅವಳೂ ನನ್ನನ್ನು ಕೇಳಿಲ್ಲ.

ಬಸ್ಸು ಹತ್ತಿ ಆಫೀಸಿಗೆ ಹೋದೆ: ಇನ್ನೊಂದು ಪ್ರಶ್ನೆ ಸೇರಿಸಿ,
ಹಾಲಿನವಳು ಬಂದಳೆ?
ಕನ್ನಡಕದ ಹುಡುಗ ನಕ್ಕ: 'ಇದಕ್ಕೆ ಅಳತೆ ಏನಕ್ಕಾ, ಲೀಟರೋ?'
ನಗುತ್ತಲೇ ಹಳೆಯ ವರ್ಷಗಳನ್ನು ತೆರೆದ,
ನನ್ನ ತಾಯಿ ನೆನಪಿನಿಂದ ಹೇಳಿದ ತಾರೀಖುಗಳನ್ನು
ಬೆಂಕಿ ಬಿದ್ದ ತಾರೀಖುಗಳ ಪಕ್ಕ ಇಟ್ಟ, ಮತ್ತೆ ಇಟ್ಟ,
ಕನ್ನಡಕ ತೆಗೆದು ಒರೆಸಿಕೊಂಡ.

ಈ ಸಲದ ಹರ್ಮಟ್ಟಾನ್ ಗಾಳಿಯಲ್ಲಿ ಧೂಳು ಕವಿದು
ಎರಡು ದಿನ ಅವಳ ಸುಳಿವಿಲ್ಲ. 'ಇಲ್ಲ' ಒತ್ತಿದೆ, ಕೈ ನಡುಗಿತು.
ನಕ್ಷೆ ಹಳದಿಯಾಯಿತು. ಫೋನುಗಳು ಎದ್ದವು.
ನಮ್ಮ ಹಿರಿಯರು, ಅವರ ಆರ್ಡೊ, ಒಂದೇ ಚಾಪೆಯ ಎರಡು ತುದಿ ಹಿಡಿದು ಕೂತರು.
ಕೊನೆಗೆ ದೆಮ್ಮೊ ಬಂದು ಹೇಳಿದ: ಮುದುಕಿಗೆ ಮಲೇರಿಯಾ.

ಒಂದು ಜ್ವರಕ್ಕೆ ಎರಡೂರು ಪಂಚಾಯ್ತಿ ಸೇರಿತ್ತು.
ಯಾರು ಮೊದಲು ನಕ್ಕರೋ, ದಾಖಲೆಯಿಲ್ಲ.
ಆಫೀಸು ಬರೆದುಕೊಂಡಿತು: ತಪ್ಪು ಎಚ್ಚರಿಕೆ.
ನನ್ನ ತಾಯಿ ಗುಳಿಗೆ ಕಟ್ಟಿ ಬೇಲಿಯ ಸಂದಿನಲ್ಲಿ ದಾಟಿಸಿದಳು,
'ನೀರು ಬೆರೆಸದೆ ನುಂಗು ಅನ್ನಿ ಅವಳಿಗೆ' ಎಂದು.

ಪಾಮ್ ಈಗಲೂ ಅವಳ ಮೊಸರು ಮುಟ್ಟುವುದಿಲ್ಲ.

ಇವತ್ತಿನದು:
ಬಂದಳು. ಜಗಳ, ಹೌದು. ಕಾರಣ, ಹತ್ತು ನೈರಾ.
ಪಾಲ್ಗೊಂಡವರು, ನನ್ನ ತಾಯಿ, ಅವಳು.
ಸಿಗ್ನಲ್ ಇಲ್ಲ. ಕಳ್ಳಿಯ ಮೇಲಕ್ಕೆ ಮೊಬೈಲು ಎತ್ತಿ ಹಿಡಿದು
ನಿಂತಿದ್ದೇನೆ; ತೆರೆಯ ಮೇಲೆ ಸಣ್ಣದೊಂದು ವೃತ್ತ
ಸುತ್ತುತ್ತಿದೆ, ಇನ್ನೂ ಸುತ್ತುತ್ತಿದೆ.